ಬಿಸಿಲು, ಔಷಧ, ಇಲಿಯ ಸಾಕ್ಷ್ಯ



ಶಾಸ್ತ್ರವಿಷಯಗಳನ್ನು ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ, ಆ ಶಾಸ್ತ್ರದಲ್ಲಿ ಪರಿಶ್ರಮವಿಲ್ಲದವರಿಗೂ ತಿಳಿಯುವಂತೆ ವಿವರಿಸತಕ್ಕದ್ದೆಂಬ ಸತ್ಸಂಕಲ್ಪದಿಂದ ಈ ಉಪನ್ಯಾಸ ಏರ್ಪಟ್ಟಿದೆ. ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಬಹು ಸಂಕುಚಿತವಾದುದು: ನೇರಳಾತೀತ ಕಿರಣಗಳಿಂದ ಇಲಿಯ ಚರ್ಮದಲ್ಲಿ ಹುಟ್ಟುವ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಮಾನದಂಡವಾಗಿಟ್ಟುಕೊಂಡು ಮನುಷ್ಯನ ಔಷಧಗಳ ನಿರಪಾಯತೆಯನ್ನು ಪರೀಕ್ಷಿಸುವ ಕ್ರಮ. ಆದರೆ ನಾವು ನುಂಗುವ ಗುಳಿಗೆಗೂ ಹಚ್ಚಿಕೊಳ್ಳುವ ಮುಲಾಮಿಗೂ ನಮ್ಮ ತಲೆಯ ಮೇಲಿನ ಸೂರ್ಯನಿಗೂ ನಡುವೆ ಇರುವ ಸಂಬಂಧವನ್ನು ಈ ವಿಷಯ ಒಳಗೊಂಡಿರುವುದರಿಂದಲೂ, ಮೂಕಪ್ರಾಣಿಯೊಂದರ ಮೇಲೆ ನಾವು ಹೊರಿಸಿರುವ ಭಾರ ನ್ಯಾಯವೇ ಎಂಬ ಪ್ರಶ್ನೆ ಇದರ ಒಡಲಲ್ಲಿರುವುದರಿಂದಲೂ, ಇದು ಸರ್ವರೂ ಆಲೋಚಿಸತಕ್ಕ ವಿಷಯವೆಂದು ನಾನು ನಂಬಿದ್ದೇನೆ.

1. ಪ್ರಶ್ನೆಯ ಸ್ವರೂಪ

ನಮ್ಮ ಪ್ರಾಚೀನ ನೈಯಾಯಿಕರು ಅನುಮಾನಪ್ರಮಾಣವನ್ನು ವಿಚಾರಿಸುವಾಗ ಒಂದು ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ನಿರ್ದುಷ್ಟವಾದ ವ್ಯಾಪ್ತಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದು ಮಾತ್ರ ಸಲ್ಲದು, ಏಕೆಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಹುಟ್ಟಬೇಕಾದರೆ ಹಸಿ ಸೌದೆಯ ಸಂಯೋಗವೂ ಬೇಕು. ಹೀಗೆ ಹಿನ್ನೆಲೆಯಲ್ಲಿ ನಿಂತು ಫಲವನ್ನು ನಿರ್ಧರಿಸುವ ನಿಬಂಧನೆಯನ್ನು ಅವರು ಉಪಾಧಿಯೆಂದು ಕರೆದು, ಉಪಾಧಿಯನ್ನು ಶೋಧಿಸದೆ ಮಾಡಿದ ಅನುಮಾನ ಎಷ್ಟೇ ಸರಳವಾಗಿ ಕಂಡರೂ ದುಷ್ಟವೆಂದು ನಿರ್ಣಯಿಸಿದರು. ಇಲಿಗೆ ಔಷಧವನ್ನು ಕೊಟ್ಟೆವು, ಇಲಿಗೆ ಅರ್ಬುದವಾಯಿತು, ಆದುದರಿಂದ ಮನುಷ್ಯನಿಗೂ ಆಗುತ್ತದೆ ಎಂಬ ವಾದವೂ, ಇಲಿಗೆ ಏನೂ ಆಗಲಿಲ್ಲ, ಆದುದರಿಂದ ಮನುಷ್ಯನಿಗೂ ಭಯವಿಲ್ಲ ಎಂಬ ವಾದವೂ ಈ ಎಚ್ಚರಿಕೆಗೆ ಒಳಪಡತಕ್ಕವು. ಪ್ರಾಣಿಪ್ರಯೋಗದ ಬೆಲೆ ಅದರ ಉಪಾಧಿಗಳನ್ನು ನಾವು ಎಷ್ಟು ನಿಷ್ಠೆಯಿಂದ ಹುಡುಕಿದ್ದೇವೆ ಎಂಬುದನ್ನು ಅವಲಂಬಿಸಿದೆ ಎಂಬುದೂ, ಆ ಹುಡುಕಾಟದಲ್ಲಿ ತೋರಿದ ಆಲಸ್ಯ ಬುದ್ಧಿಯ ದೋಷವಾಗಿರುವಂತೆಯೇ ದಯೆಯ ಲೋಪವೂ ಆಗುತ್ತದೆ ಎಂಬುದೂ ಈ ಹೊತ್ತು ನಾನು ನಿವೇದಿಸಬೇಕೆಂದಿರುವ ಮಾತು.

2. ಕಿರಣವೂ ಅರ್ಬುದವೂ

ಬಿಸಿಲಿಗೂ ಚರ್ಮದ ಅರ್ಬುದಕ್ಕೂ ಸಂಬಂಧವುಂಟೆಂಬ ಸಂದೇಹ ಮೊದಲು ಹುಟ್ಟಿದುದು ದುಡಿಯುವ ಜನರ ಮೈಯನ್ನು ನೋಡಿದ ವೈದ್ಯರಲ್ಲಿ. 1894ರಲ್ಲಿ ಹ್ಯಾಂಬರ್ಗಿನ ಪಾಲ್ ಉನ್ನಾ ನಾವಿಕರ ಒರಟಾದ ಚರ್ಮದಲ್ಲಿ ಅರ್ಬುದ ತಲೆದೋರುವುದನ್ನು ವರ್ಣಿಸಿದನು. ಅದೇ ಕಾಲದ ಆಸುಪಾಸಿನಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ವಿಲಿಯಂ ದ್ಯುಬ್ರಯ್ ದ್ರಾಕ್ಷಿತೋಟದ ಕೂಲಿಗಳಲ್ಲಿ ಅದನ್ನೇ ಕಂಡನು. ಆದರೆ ಗಾಳಿ, ಉಪ್ಪುನೀರು, ಮಣ್ಣು, ಮುಪ್ಪು ಇವುಗಳ ನಡುವಿನಿಂದ ಬೆಳಕೊಂದನ್ನೇ ಬೇರ್ಪಡಿಸಿ ತೋರಿಸುವುದು ಕೇವಲ ಅವಲೋಕನದಿಂದ ಸಾಧ್ಯವಿರಲಿಲ್ಲ. 1928ರಲ್ಲಿ ಲಂಡನ್ನಿನ ಜಿ. ಎಂ. ಫಿಂಡ್ಲೆ ಪಾದರಸದ ಆವಿಯ ದೀಪದಿಂದ ಹೊಮ್ಮುವ ನೇರಳಾತೀತ ಕಿರಣಗಳನ್ನು ಇಲಿಗಳ ಮೇಲೆ ತಿಂಗಳುಗಟ್ಟಲೆ ಬೀರಿ, ಅವುಗಳ ಚರ್ಮದಲ್ಲಿ ಅರ್ಬುದವನ್ನು ಉಂಟುಮಾಡಿ ತೋರಿಸಿದ ಮೇಲೆ ಆ ಸಂದೇಹ ಸಿದ್ಧಾಂತವಾಗತೊಡಗಿತು. ಮುಂದಿನ ದಶಕದಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರದಲ್ಲಿ ಆಂಜೆಲ್ ರೋಫೋ ನಿಜವಾದ ಬಿಸಿಲಿಗೇ ಇಲಿಗಳನ್ನು ಒಡ್ಡಿ, ಕಿಟಕಿಯ ಗಾಜನ್ನು ನಡುವೆ ಇಟ್ಟರೆ ಅರ್ಬುದ ಹುಟ್ಟುವುದಿಲ್ಲವೆಂಬುದನ್ನು ಕಂಡುಕೊಂಡನು. ಸಾಮಾನ್ಯವಾದ ಗಾಜು ದೃಶ್ಯಪ್ರಕಾಶವನ್ನು ಹಾಯಲು ಬಿಟ್ಟು ನೇರಳಾತೀತದ ಹ್ರಸ್ವತರಂಗಗಳನ್ನು ತಡೆಯುವುದರಿಂದ, ಅಪಕಾರಿಯಾದ ಅಂಶ ಯಾವುದೆಂಬುದು ಆ ಗಾಜಿನಿಂದಲೇ ನಿಶ್ಚಿತವಾಯಿತು. ಅಮೆರಿಕದ ಹೆರಾಲ್ಡ್ ಬ್ಲಮ್ ಈ ವಿದ್ಯಮಾನವನ್ನು ಗಣಿತಕ್ಕೆ ಒಳಪಡಿಸಿ, ಕಿರಣದ ಪ್ರಮಾಣಕ್ಕೂ ಅರ್ಬುದ ಕಾಣಿಸಿಕೊಳ್ಳುವ ಕಾಲಕ್ಕೂ ಇರುವ ಸಂಬಂಧವನ್ನು ವರ್ಷಗಟ್ಟಲೆ ಅಳೆದು, 1959ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದನು.

ಕಿರಣವು ಕೋಶದೊಳಗೆ ಮಾಡುವ ಕಾರ್ಯವೇನೆಂಬುದೂ ಈಗ ತಕ್ಕಮಟ್ಟಿಗೆ ತಿಳಿದಿದೆ. ಸುಮಾರು 280ರಿಂದ 315 ನ್ಯಾನೊಮೀಟರ್ ತರಂಗದೂರದ ಯುವಿ-ಬಿ ಕಿರಣವನ್ನು ಕೋಶದ ಡಿಎನ್‌ಎ ನೇರವಾಗಿ ಹೀರಿಕೊಂಡಾಗ, ಅದರ ಸರಪಣಿಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಪಿರಿಮಿಡಿನ್ ಘಟಕಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಬೆಸುಗೆಯನ್ನು ಕತ್ತರಿಸಿ ಸರಿಪಡಿಸುವ ವ್ಯವಸ್ಥೆ ಕೋಶದಲ್ಲಿದ್ದರೂ, ದುರಸ್ತಿಯಾಗದೆ ಉಳಿದ ಗಾಯ ಕೋಶವಿಭಜನೆಯ ಕಾಲದಲ್ಲಿ ಶಾಶ್ವತವಾದ ಅಕ್ಷರದೋಷವಾಗಿ ಪರಿಣಮಿಸುತ್ತದೆ. ಕೋಶದ ಅತಿವೃದ್ಧಿಗೆ ಅಂಕುಶವಾಗಿರುವ ಪಿ53 ಎಂಬ ಜೀನಿನಲ್ಲಿ ಇಂತಹ ದೋಷಗಳೇ ಮನುಷ್ಯರ ಚರ್ಮಾರ್ಬುದಗಳಲ್ಲಿ ಇರುವುದನ್ನು ಡಗ್ಲಾಸ್ ಬ್ರಾಶ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಅದಕ್ಕಿಂತ ಮುಂಚೆ, 1974ರಲ್ಲಿ, ಮಾರ್ಗರೆಟ್ ಕ್ರಿಪ್ಕೆ ಇನ್ನೊಂದು ಸಂಗತಿಯನ್ನು ಪ್ರಕಟಿಸಿದ್ದರು: ಕಿರಣದಿಂದ ಇಲಿಯಲ್ಲಿ ಹುಟ್ಟಿದ ಅರ್ಬುದವನ್ನು ಅದೇ ತಳಿಯ ಆರೋಗ್ಯವಂತ ಇಲಿಗೆ ನಾಟಿಮಾಡಿದರೆ ಆ ದೇಹ ಬಹುಮಟ್ಟಿಗೆ ಅದನ್ನು ತಿರಸ್ಕರಿಸುತ್ತದೆ. ಮುಂದಿನ ಪ್ರಯೋಗಗಳಲ್ಲಿ, ಕಿರಣಕ್ಕೆ ಒಡ್ಡಿಕೊಂಡ ಇಲಿಗೆ ಆ ತಿರಸ್ಕಾರದ ಶಕ್ತಿ ಉಡುಗಿರುವುದೂ ಸ್ಪಷ್ಟವಾಯಿತು. ಎಂದರೆ ಕಿರಣವು ರೋಗದ ಬೀಜವನ್ನು ಬಿತ್ತುವುದರ ಜೊತೆಗೆ ದೇಹದ ಕಾವಲನ್ನೂ ಸಡಿಲಿಸುತ್ತದೆ. ಆದುದರಿಂದ ಔಷಧವೊಂದು ಈ ಕೇಡಿಗೆ ಹಲವು ದಾರಿಗಳಲ್ಲಿ ನೆರವಾಗಬಹುದು: ತಾನೇ ಬೆಳಕನ್ನು ಹೀರಿ ಡಿಎನ್‌ಎಯನ್ನು ಗಾಯಗೊಳಿಸಬಹುದು, ದುರಸ್ತಿಯನ್ನು ತಡೆಯಬಹುದು, ಕಾವಲನ್ನು ಇನ್ನಷ್ಟು ಸಡಿಲಿಸಬಹುದು, ಇಲ್ಲವೆ ಚರ್ಮದ ಮೇಲ್ಪದರದ ಸ್ವರೂಪವನ್ನು ಬದಲಿಸಿ ಹೆಚ್ಚು ಕಿರಣವನ್ನು ಒಳಕ್ಕೆ ಬಿಡಬಹುದು.

3. ರೋಮರಹಿತ ಇಲಿಯ ಪರೀಕ್ಷೆ

ಈ ದಾರಿಗಳನ್ನೆಲ್ಲ ಒಂದೇ ಪರೀಕ್ಷೆಯಲ್ಲಿ ಹಿಡಿಯುವ ಆಸೆಯಿಂದ ರೂಪುಗೊಂಡುದು ರೋಮರಹಿತ ಇಲಿಯ ಪರೀಕ್ಷೆ. ಕೂದಲು ಉದುರಿಹೋಗುವ ಆನುವಂಶಿಕ ವಿಕಾರವುಳ್ಳ ಇಲಿಗಳ ವರ್ಣನೆ 1926ರಷ್ಟು ಹಿಂದೆಯೇ ಇಂಗ್ಲೆಂಡಿನಿಂದ ಪ್ರಕಟವಾಗಿತ್ತು. ಫಿಲಡೆಲ್ಫಿಯಾ ನಗರದ ಚರ್ಮ ಮತ್ತು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಫ್ರೆಡರಿಕ್ ಉರ್ಬಾಕ್, ಡೊನಾಲ್ಡ್ ಫೋರ್ಬ್ಸ್ ಮೊದಲಾದವರು ಅಂತಹ ತಳಿಯನ್ನೇ ಈ ಕಾರ್ಯಕ್ಕೆ ಬಳಸಿ ಬೆಳೆಸಿದರು. ಆ ಆಸ್ಪತ್ರೆಯ ಇಂಗ್ಲಿಷ್ ಹೆಸರಿನ ಅಕ್ಷರಗಳೇ ಎಸ್‌ಕೆಎಚ್ ಎಂದು ಇಲಿಯ ತಳಿಗೂ ಅಂಟಿಕೊಂಡಿವೆ. ಬಿಳಿಯ ಬಣ್ಣದ ಈ ತಳಿಯಲ್ಲಿ ಚರ್ಮಕ್ಕೆ ಕೂದಲಿನ ಮರೆಯೂ ಇಲ್ಲ, ಮೆಲನಿನ್ ವರ್ಣದ್ರವ್ಯದ ರಕ್ಷಣೆಯೂ ಇಲ್ಲ.

ಪರೀಕ್ಷೆಯ ವಿಧಾನ ಸಾಮಾನ್ಯವಾಗಿ ಹೀಗಿರುವುದು. ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಸೂರ್ಯಪ್ರಕಾಶವನ್ನು ಹೋಲುವಂತೆ ಸೋಸಿದ ಝೆನಾನ್ ದೀಪದ ಬೆಳಕನ್ನು ವಾರಕ್ಕೆ 5 ದಿನಗಳಂತೆ 40 ವಾರಗಳ ಕಾಲ ಅವುಗಳ ಮೇಲೆ ಹಾಯಿಸಿ, ಆ ಬಳಿಕ 12 ವಾರ ಕಾದು ನೋಡುತ್ತಾರೆ. ಒಂದು ಗುಂಪಿಗೆ ಬೆಳಕು ಮಾತ್ರ. ಇನ್ನೊಂದಕ್ಕೆ ಬೆಳಕಿನೊಡನೆ ಔಷಧವಿಲ್ಲದ ಬರಿಯ ಮುಲಾಮಿನ ಆಧಾರದ್ರವ್ಯ. ಉಳಿದವಕ್ಕೆ ಬೆಳಕಿನೊಡನೆ ಬೇರೆಬೇರೆ ಪ್ರಮಾಣದ ಔಷಧ. ಕಡೆಯದೊಂದಕ್ಕೆ ಔಷಧವಿಲ್ಲದೆ ಹೆಚ್ಚಿನ ಪ್ರಮಾಣದ ಬೆಳಕು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಇಷ್ಟು ಕಾಲ ಕಿರಣಕ್ಕೆ ಒಡ್ಡಿದ ಇಲಿಗಳಲ್ಲಿ, ಔಷಧವಿರಲಿ ಇಲ್ಲದಿರಲಿ, ಬಹುತೇಕ ಎಲ್ಲಕ್ಕೂ ಗಂಟುಗಳು ಹುಟ್ಟಿಯೇ ತೀರುತ್ತವೆ. ಆದಕಾರಣ ಪರೀಕ್ಷಕನು ಅರ್ಬುದವಾಯಿತೇ ಎಂದು ಕೇಳುವುದಿಲ್ಲ, ಬೇಗನೆ ಆಯಿತೇ ಎಂದು ಕೇಳುತ್ತಾನೆ; ಗುಂಪಿನ ಅರ್ಧದಷ್ಟು ಇಲಿಗಳಲ್ಲಿ ಒಂದು ಮಿಲಿಮೀಟರಿನಷ್ಟಾದರೂ ಗಾತ್ರದ ಗಂಟು ಕಾಣಿಸಿಕೊಳ್ಳಲು ಎಷ್ಟು ವಾರ ಹಿಡಿಯಿತೆಂಬುದೇ ಇಲ್ಲಿನ ಅಳತೆ. ಆ ವಾರಗಳ ಸಂಖ್ಯೆಯನ್ನು ಕಡಿಮೆ ಮಾಡಿದ ವಸ್ತು ಶಂಕಾಸ್ಪದವೆನಿಸುತ್ತದೆ.

4. ಸಾಕ್ಷ್ಯ ನಿಜವಾದ ಸಂದರ್ಭಗಳು

ಇಲಿಯ ಸಾಕ್ಷ್ಯ ಮನುಷ್ಯನ ವಿಷಯದಲ್ಲಿ ದೃಢಪಟ್ಟ ಉದಾಹರಣೆ ಸೊರಾಲೆನ್ ವರ್ಗದ್ದು. ನಮ್ಮ ನಾಡಿನವರಿಗೆ ಇದು ಅಪರಿಚಿತವಲ್ಲ. ತೊನ್ನಿಗೆ ಆಯುರ್ವೇದ ವಿಧಿಸುವ ಬಾವಂಚಿಯ ಬೀಜದಲ್ಲಿ ಇರುವುದು ಸೊರಾಲೆನ್ ದ್ರವ್ಯವೇ. ಈ ವರ್ಗದ ಅಣುಗಳು ಬೆಳಕನ್ನು ಹೀರಿ ಡಿಎನ್‌ಎಯ ಎರಡು ಎಳೆಗಳನ್ನೂ ಅಡ್ಡಲಾಗಿ ಬಂಧಿಸಬಲ್ಲವು. ಚಿಕಿತ್ಸೆಯ ಗುಣವೂ ಅಪಾಯದ ಮೂಲವೂ ಒಂದೇ ಕ್ರಿಯೆಯಲ್ಲಿ ಅಡಗಿವೆ. ಸೊರಾಲೆನ್ ಪಡೆದ ಇಲಿಗಳಲ್ಲಿ ನೇರಳಾತೀತ ಕಿರಣದ ಅರ್ಬುದಕಾರಕ ಶಕ್ತಿ ಹೇಗೆ ಬದಲಾಗುತ್ತದೆಂಬ ಅಧ್ಯಯನಗಳು 1950ರ ದಶಕದಲ್ಲಿಯೇ ಪ್ರಕಟವಾಗಿದ್ದುವು. 1974ರಲ್ಲಿ ಅಮೆರಿಕದ ವೈದ್ಯರು ಸೊರಾಲೆನ್ ವರ್ಗದ ಮೆಥಾಕ್ಸಲೆನ್ ಗುಳಿಗೆಯನ್ನೂ ಯುವಿ-ಎ ಎಂಬ ನೇರಳಾತೀತ ಕಿರಣದ ದೀಪವನ್ನೂ ಕೂಡಿಸಿ ಸೋರಿಯಾಸಿಸ್ ರೋಗಕ್ಕೆ ಹೊಸ ಚಿಕಿತ್ಸೆಯನ್ನು ಆರಂಭಿಸಿದರು. 1979ರ ವೇಳೆಗೆ ರಾಬರ್ಟ್ ಸ್ಟರ್ನ್ ಮತ್ತು ಸಂಗಡಿಗರು ಆ ಚಿಕಿತ್ಸೆ ಪಡೆದವರಲ್ಲಿ ಚರ್ಮಾರ್ಬುದ ಹೆಚ್ಚಿರುವುದನ್ನು ವರದಿಮಾಡಿದರು. ಈ ಸಂಯೋಗವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಅರ್ಬುದಕಾರಕವೆಂದು ನಿಶ್ಚಿತವಾದ ಪ್ರಥಮ ವರ್ಗದಲ್ಲಿ ಇಟ್ಟಿದೆ.

ಎರಡನೆಯ ಉದಾಹರಣೆ ಲೋಮಿಫ್ಲಾಕ್ಸಸಿನ್ ಎಂಬ ಸೂಕ್ಷ್ಮಜೀವಿನಾಶಕ ಔಷಧ. ಅದನ್ನು ಸೇವಿಸಿದ ರೋಮರಹಿತ ಇಲಿಗಳನ್ನು ಎರಡು ವಾರಕ್ಕೆ 5 ಬಾರಿಯಂತೆ, ಪ್ರತಿಬಾರಿ ಮೂರೂವರೆ ಗಂಟೆಯ ಕಾಲ, 52 ವಾರಗಳವರೆಗೆ ಯುವಿ-ಎ ಕಿರಣಕ್ಕೆ ಒಡ್ಡಿದಾಗ, ಗಂಟುಗಳು 16 ವಾರಗಳಲ್ಲಿ ತಲೆದೋರಿದುವು. ಅದೇ ವರ್ಗದ ಇತರ ಔಷಧಗಳಿಗೆ 28ರಿಂದ 52 ವಾರಗಳು ಬೇಕಾದುವು. ಲೋಮಿಫ್ಲಾಕ್ಸಸಿನ್ ಮತ್ತು ಕಿರಣಗಳೆರಡನ್ನೂ ಪಡೆದ ಇಲಿಗಳಲ್ಲಿ ನೂರಕ್ಕೆ 92ಕ್ಕೆ ಶಲ್ಕಕೋಶದ ಕ್ಯಾನ್ಸರೇ ಆಯಿತು. ಈ ಅಣುವಿನ ಎಂಟನೆಯ ಸ್ಥಾನದಲ್ಲಿರುವ ಫ್ಲೋರಿನ್ ಪರಮಾಣು ಬೆಳಕಿನ ಹೊಡೆತಕ್ಕೆ ಕಳಚಿಕೊಂಡು ಉಗ್ರವಾದ ಶೇಷವನ್ನು ಉಳಿಸುವುದೆಂಬ ರಾಸಾಯನಿಕ ಕಾರಣವೂ ತಿಳಿದುಬಂದುದರಿಂದ, ಇಲ್ಲಿ ಸಾಕ್ಷಿಯ ಮಾತಿಗೂ ಕಾರಣದ ವಿವರಣೆಗೂ ಹೊಂದಿಕೆಯುಂಟಾಗಿ ಸಾಕ್ಷ್ಯದ ಗೌರವ ಹೆಚ್ಚಿತು.

5. ಆಧಾರದ್ರವ್ಯವೆಂಬ ಉಪಾಧಿ

ಆದರೆ ಸಾಕ್ಷಿಯ ಮಾತು ಎಲ್ಲ ವೇಳೆಯಲ್ಲಿಯೂ ಇಷ್ಟು ನೇರವಾಗಿರುವುದಿಲ್ಲ. ಇಸಬಿಗೆ ಹಚ್ಚುವ ಟ್ಯಾಕ್ರೊಲಿಮಸ್ ಮತ್ತು ಪಿಮೆಕ್ರೊಲಿಮಸ್ ಎಂಬೆರಡು ಔಷಧಗಳು ಚರ್ಮದ ರೋಗನಿರೋಧಕ ಕ್ರಿಯೆಯನ್ನು ತಗ್ಗಿಸಿ ಗುಣ ತೋರುವಂತಹವು. ಕ್ರಿಪ್ಕೆಯವರ ಶೋಧನೆಯನ್ನು ಬಲ್ಲವರಿಗೆ ಇಲ್ಲಿ ಆತಂಕ ಹುಟ್ಟುವುದು ಸಹಜವೇ. 40 ವಾರ ಬೆಳಕು, 12 ವಾರ ನಿರೀಕ್ಷೆ ಎಂಬ ಕ್ರಮದಲ್ಲಿ ಪರೀಕ್ಷಿಸಿದಾಗ, ಟ್ಯಾಕ್ರೊಲಿಮಸ್ ಮುಲಾಮು ನೂರಕ್ಕೆ 0.1ರ ಪ್ರಮಾಣದಿಂದ ಮೇಲಕ್ಕೆ ಗಂಟುಗಳನ್ನು ಬೇಗನೆ ಬರಿಸಿತು. ಪಿಮೆಕ್ರೊಲಿಮಸ್ ಪರೀಕ್ಷೆಯಲ್ಲಿಯೂ ಗಂಟುಗಳು ಬೇಗನೆ ಬಂದುವು. ಆದರೆ ಔಷಧವೇ ಇಲ್ಲದ ಬರಿಯ ಆಧಾರದ್ರವ್ಯವನ್ನು ಹಚ್ಚಿದ ಇಲಿಗಳಲ್ಲಿಯೂ ಅಷ್ಟೇ ಬೇಗನೆ ಬಂದುವು, ಔಷಧ ಸೇರಿದುದರಿಂದ ಹೆಚ್ಚಿನ ಪರಿಣಾಮವೇನೂ ಕಾಣಲಿಲ್ಲ. ಬರಿಯ ಆಧಾರದ್ರವ್ಯದ ಗುಂಪೊಂದು ಆ ಪ್ರಯೋಗದಲ್ಲಿ ಇರದೇ ಹೋಗಿದ್ದರೆ, ದೋಷವೆಲ್ಲವೂ ಔಷಧದ ತಲೆಗೆ ಬರುತ್ತಿತ್ತು. ನೈಯಾಯಿಕನ ಹಸಿ ಸೌದೆ ಇದೇ.

ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದವರು ವಿಟಮಿನ್-ಎ ಸಂಬಂಧದ ರೆಟಿನೈಲ್ ಪಾಲ್ಮಿಟೇಟನ್ನು ಪರೀಕ್ಷಿಸಿ 2012ರಲ್ಲಿ ಹೊರತಂದ ವರದಿಯಲ್ಲಿ, ಆ ದ್ರವ್ಯವು ಬೆಳಕಿನ ಅರ್ಬುದಕಾರಕ ಶಕ್ತಿಯನ್ನು ಹೆಚ್ಚಿಸಿದುದು ಕಂಡುಬಂದಿತಾದರೂ, ಅದನ್ನು ಬೆರೆಸಲು ಬಳಸುವ ಬರಿಯ ಕ್ರೀಮು ಕೂಡ ಏನೂ ಹಚ್ಚದ ಇಲಿಗಳಿಗಿಂತ ಹೆಚ್ಚು ಕೇಡು ಮಾಡಿದುದೂ ಕಂಡುಬಂದಿತು. ಅದೇ ಕಾರ್ಯಕ್ರಮದ 2007ರ ವರದಿಯಲ್ಲಿ ಗ್ಲೈಕೋಲಿಕ್ ಆಮ್ಲ ತಟಸ್ಥವಾಗಿಯೂ ಸ್ಯಾಲಿಸಿಲಿಕ್ ಆಮ್ಲ ರಕ್ಷಕವಾಗಿಯೂ ತೋರಿದುದನ್ನು ನೆನೆದರೆ, ಈ ಪರೀಕ್ಷೆ ಹಚ್ಚಿದುದನ್ನೆಲ್ಲ ದೂಷಿಸುವ ಪಕ್ಷಪಾತಿಯೂ ಅಲ್ಲವೆಂದು ಒಪ್ಪಬೇಕಾಗುತ್ತದೆ.

ರಟ್ಗರ್ಸ್ ವಿಶ್ವವಿದ್ಯಾಲಯದ ಅಲನ್ ಕಾನಿ ಮತ್ತು ಸಂಗಡಿಗರ ಕಾರ್ಯ ಇವೆಲ್ಲಕ್ಕಿಂತ ಹೆಚ್ಚಿನ ಆಲೋಚನೆಗೆ ಗ್ರಾಸವಾದುದು. ಚರ್ಮಕ್ಕೆ ಹಚ್ಚಿದ ಕೆಫೀನ್ ಅರ್ಬುದವನ್ನು ತಡೆಯಬಲ್ಲುದೆಂದು 2002ರಲ್ಲಿ ಪ್ರಕಟಿಸಿದ್ದ ಈ ಗುಂಪು, ವಾರಕ್ಕೆರಡು ಬಾರಿಯಂತೆ 20 ವಾರ ಯುವಿ-ಬಿ ಕಿರಣವನ್ನು ಕೊಟ್ಟು ನಿಲ್ಲಿಸಿದ ಮೇಲೆ, ಗಂಟು ಇನ್ನೂ ಕಾಣದಿದ್ದರೂ ಅಪಾಯದ ಅಂಚಿನಲ್ಲಿದ್ದ ಇಲಿಗಳಿಗೆ ಪೇಟೆಯಲ್ಲಿ ಸಿಗುವ ನಾಲ್ಕು ಸಾಮಾನ್ಯ ಲೇಪನಗಳನ್ನು 17 ವಾರ ಹಚ್ಚಿ ನೋಡಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಾಲ್ಕೂ ಗಂಟುಗಳನ್ನು ಹೆಚ್ಚಿಸಿದುವು. ಖನಿಜತೈಲವನ್ನೂ ಸೋಡಿಯಂ ಲಾರಿಲ್ ಸಲ್ಫೇಟನ್ನೂ ಬಿಟ್ಟು ಪ್ರತ್ಯೇಕವಾಗಿ ತಯಾರಿಸಿದ ಲೇಪನ ಹಾಗೆ ಮಾಡಲಿಲ್ಲ. ಎಣ್ಣೆಯ ಅಂಶ ಒಣ ಚರ್ಮದ ಮೇಲ್ಪದರವನ್ನು ಬೆಳಕಿಗೆ ಹೆಚ್ಚು ಪಾರದರ್ಶಕವಾಗಿಸುವುದರಿಂದ ಲೇಪನಗಳು ಕೇಡು ಮಾಡುತ್ತವೆಂಬ ವಿವರಣೆ ಬೆಳಕೂ ಲೇಪನವೂ ಒಟ್ಟಿಗಿರುವ ಪ್ರಯೋಗಗಳಿಗೆ ಒಪ್ಪಬಹುದು. ಬೆಳಕು ನಿಂತ ಮೇಲೆ ಹಚ್ಚಿದ ಲೇಪನಕ್ಕೆ ಅದು ಒಪ್ಪದು. ಒಂದು ಉಪಾಧಿಯನ್ನು ಕಂಡೆವೆಂದು ಸಮಾಧಾನಪಡುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಹಾಗೆಂದು ನಮ್ಮ ಮನೆಗಳಲ್ಲಿರುವ ಲೇಪನಗಳನ್ನೆಲ್ಲ ಭಯದಿಂದ ಎಸೆಯಬೇಕಾಗಿಲ್ಲ. ಇಲಿಯ ಚರ್ಮ ಮನುಷ್ಯನದಕ್ಕಿಂತ ಬಹಳ ತೆಳುವಾದುದರಿಂದ, ಅಲ್ಲಿ ಕಂಡ ಫಲ ಇಲ್ಲಿಗೂ ಸಲ್ಲುವುದೆಂಬುದಕ್ಕೆ ಬೇರೆ ಪ್ರಮಾಣ ಬೇಕು.

6. ಸೂರ್ಯನಿಲ್ಲದ ಪರೀಕ್ಷೆ

ಇರುವ ಉಪಾಧಿಯನ್ನು ಕಾಣದೆ ಹೋಗುವುದು ಒಂದು ಬಗೆಯ ಪ್ರಮಾದವಾದರೆ, ಇರಬೇಕಾದ ಉಪಾಧಿಯನ್ನು ಪ್ರಯೋಗದಿಂದ ಹೊರಗಿಡುವುದು ಇನ್ನೊಂದು ಬಗೆಯದು. ರಕ್ತದೊತ್ತಡಕ್ಕೆ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಹೈಡ್ರೊಕ್ಲೋರೊಥಯಜೈಡ್ ಎಂಬ ಮೂತ್ರವರ್ಧಕ 1959ರಿಂದ ಚಿಕಿತ್ಸೆಯಲ್ಲಿದೆ. ಅದನ್ನು ಆಹಾರದಲ್ಲಿ ಬೆರೆಸಿ ಎರಡು ವರ್ಷಗಳ ಕಾಲ ಇಲಿಗಳಿಗೆ ಉಣಿಸಿ ನೋಡಿದ ಅಧ್ಯಯನಗಳಲ್ಲಿ, ಗಂಡು ಇಲಿಗಳ ಯಕೃತ್ತಿಗೆ ಸಂಬಂಧಿಸಿದ ಒಂದು ಸಂದಿಗ್ಧ ಸೂಚನೆಯ ಹೊರತು, ಅರ್ಬುದಕಾರಕ ಶಕ್ತಿ ಕಂಡುಬರಲಿಲ್ಲ. ನೇರಳಾತೀತ ಕಿರಣ ಆ ಪ್ರಯೋಗದ ಅಂಗವಾಗಿರಲಿಲ್ಲ. ಈ ಔಷಧವಾದರೋ ಕೆಲವರ ಚರ್ಮವನ್ನು ಬಿಸಿಲಿಗೆ ಅತಿಸೂಕ್ಷ್ಮವಾಗಿಸುವುದೆಂದು ವೈದ್ಯರಿಗೆ ಮೊದಲಿಂದಲೂ ತಿಳಿದಿತ್ತು. ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳನ್ನು ಪರಿಶೋಧಿಸಿದ ಅಧ್ಯಯನಗಳಿಂದ, ದೀರ್ಘಕಾಲ ಇದನ್ನು ಸೇವಿಸಿದವರಲ್ಲಿ ಚರ್ಮಾರ್ಬುದ ಹೆಚ್ಚೆಂಬುದು ಸ್ಪಷ್ಟವಾಗಿ, ಯೂರೋಪಿನ ಔಷಧ ನಿಯಂತ್ರಕರು 2018ರಲ್ಲಿಯೂ ಅಮೆರಿಕದವರು 2020ರಲ್ಲಿಯೂ ಎಚ್ಚರಿಕೆ ಹೊರಡಿಸಿದರು. ಅಮೆರಿಕದ ಲೆಕ್ಕದಂತೆ ಒಟ್ಟು ಸೇವಿಸುವವರಲ್ಲಿ ವರ್ಷಕ್ಕೆ 16,000 ಜನಕ್ಕೆ ಒಬ್ಬರಂತೆಯೂ, ಒಟ್ಟಾರೆ 50,000 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದ ಬಿಳಿಯ ಚರ್ಮದವರಲ್ಲಿ 6,700 ಜನಕ್ಕೆ ಒಬ್ಬರಂತೆಯೂ ಶಲ್ಕಕೋಶದ ಕ್ಯಾನ್ಸರ್ ಅಧಿಕವಾಗಿ ಉಂಟಾಗುತ್ತದೆ. ಅಪಾಯ ಅಲ್ಪ, ರಕ್ತದೊತ್ತಡವನ್ನು ಹಾಗೆಯೇ ಬಿಟ್ಟರೆ ಒದಗುವ ಅಪಾಯದ ಮುಂದೆ ಇನ್ನೂ ಅಲ್ಪ, ಆದುದರಿಂದ ವೈದ್ಯರನ್ನು ಕೇಳದೆ ಯಾರೂ ಈ ಗುಳಿಗೆಯನ್ನು ಬಿಡತಕ್ಕದ್ದಲ್ಲ. ನಮ್ಮ ಜನರ ಚರ್ಮದಲ್ಲಿರುವ ಮೆಲನಿನ್ ಒಂದು ರಕ್ಷಣೆಯೂ ಹೌದು. ಆದರೂ ಎರಡು ವರ್ಷ ಪ್ರಾಣಿಗಳಿಗೆ ಉಣಿಸಿ ನಿಶ್ಚಿಂತರಾದ ಮೇಲೂ, ಪರೀಕ್ಷೆಗೆ ಸೇರದಿದ್ದ ಸೂರ್ಯ ತನ್ನ ಸಾಕ್ಷ್ಯವನ್ನು ಮನುಷ್ಯರ ಮೈಮೇಲೆಯೇ ನುಡಿದನೆಂಬುದನ್ನು ನಾವು ಮರೆಯಲಾಗದು.

7. ನಮ್ಮ ಕರ್ತವ್ಯ

ಹೀಗಿರುವಾಗ ರೋಮರಹಿತ ಇಲಿಯ ಪರೀಕ್ಷೆಯನ್ನು ಮುಂದುವರಿಸಬೇಕೆ? ಔಷಧ ನಿಯಮಗಳ ಅಂತರರಾಷ್ಟ್ರೀಯ ಸಮನ್ವಯ ಸಮ್ಮೇಳನ 2013ರಲ್ಲಿ ಅಂಗೀಕರಿಸಿದ ಎಸ್‌10 ಎಂಬ ಮಾರ್ಗಸೂಚಿ, ಈ ಮಾದರಿಗಳಿಂದ ಮಾಡುವ ಅರ್ಬುದಪರೀಕ್ಷೆ ಔಷಧ ರೂಪಣೆಗೆ ಉಪಯುಕ್ತವಲ್ಲವೆಂದು ತೀರ್ಮಾನಿಸಿದೆ. ಅದು ವಿಧಿಸುವ ಕ್ರಮದಲ್ಲಿ ಮೊದಲು, ಅಣುವು 290ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕನ್ನು ಗಣನೀಯವಾಗಿ ಹೀರುವುದೇ ಎಂದು ಯಂತ್ರದಿಂದ ಅಳೆಯುತ್ತಾರೆ. ಹೀರದಿದ್ದರೆ ಬೆಳಕಿನಿಂದ ನೇರವಾಗಿ ಕೆರಳುವ ಭಯ ಅಲ್ಲಿಗೇ ಮುಗಿಯಿತು. ಹೀರುವುದಾದರೆ, 3ಟಿ3 ಎಂಬ ಇಲಿಯ ಕೋಶಗಳ ಕೃಷಿಯನ್ನು ಬೆಳಕಿನಲ್ಲಿಯೂ ಕತ್ತಲಲ್ಲಿಯೂ ಔಷಧಕ್ಕೆ ಒಡ್ಡಿ, ಬದುಕುಳಿದವನ್ನು ನ್ಯೂಟ್ರಲ್ ರೆಡ್ ಬಣ್ಣದಿಂದ ಗುರುತಿಸುತ್ತಾರೆ. ಈ ಪರೀಕ್ಷೆ ಅತಿ ಸೂಕ್ಷ್ಮವಾದುದರಿಂದ ಅದು ನಿರ್ದೋಷಿಯೆಂದು ಹೇಳಿದ ದ್ರವ್ಯವನ್ನು ಬಹುಮಟ್ಟಿಗೆ ನಂಬಬಹುದು; ದೋಷಿಯೆಂದು ಹೇಳಿದುದನ್ನು ಮುಂದಕ್ಕೆ ವಿಚಾರಿಸಬೇಕು. ಇಲಿಯೊಂದರ ವರ್ಷವಿಡೀ ಯಾತನೆಗೆ ಬದಲಾಗಿ ಕೋಶಕೃಷಿಯ ತಟ್ಟೆಯಿಂದ ಮೊದಲ ಉತ್ತರ ದೊರೆಯುವಂತಾದುದು ಬುದ್ಧಿಗೂ ಕರುಣೆಗೂ ಏಕಕಾಲದಲ್ಲಿ ದೊರೆತ ಜಯವೆಂದು ನಾನು ಭಾವಿಸುತ್ತೇನೆ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿದ್ವಾಂಸರು ಪ್ರಾಣಿಪ್ರಯೋಗಕ್ಕೆ ಮೂರು ಧರ್ಮಗಳನ್ನು ವಿಧಿಸಿದರು: ಸಾಧ್ಯವಾದಲ್ಲಿ ಪ್ರಾಣಿಗೆ ಪರ್ಯಾಯವನ್ನು ಹುಡುಕುವುದು, ಸಂಖ್ಯೆಯನ್ನು ಕಡಿಮೆ ಮಾಡುವುದು, ನೋವನ್ನು ತಗ್ಗಿಸುವುದು. ನಮ್ಮ ದೇಶದಲ್ಲಿ ರುಕ್ಮಿಣಿದೇವಿ ಅರುಂಡೇಲರ ಶ್ರಮದಿಂದ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮ ಪ್ರಯೋಗಗಳ ಮೇಲ್ವಿಚಾರಣೆಗೆ ಅವಕಾಶ ಕಲ್ಪಿಸಿತು. 2014ರಲ್ಲಿ ಪ್ರಸಾಧನ ಸಾಮಗ್ರಿಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದೇ ನಿಷಿದ್ಧವಾಯಿತು. ಈ ಮೂರು ಧರ್ಮಗಳಿಗೆ ನಾನು ಸೇರಿಸಬಯಸುವುದು ಒಂದನ್ನು: ಪ್ರಾಣಿಯನ್ನು ಬಳಸಲೇಬೇಕಾದಲ್ಲಿ, ಪ್ರಶ್ನೆಯನ್ನು ಸರಿಯಾಗಿ ಕೇಳುವುದು. ಹೋಲಿಕೆಯ ಗುಂಪಿಲ್ಲದೆ, ಆಧಾರದ್ರವ್ಯವನ್ನು ಪರೀಕ್ಷಿಸದೆ, ಬೆಳಕನ್ನು ಸರಿಯಾಗಿ ಅಳೆಯದೆ ನಡೆಸಿದ ಪ್ರಯೋಗದಲ್ಲಿ ನೊಂದ ಪ್ರಾಣಿಯ ನೋವು ಯಾರಿಗೂ ಜ್ಞಾನವನ್ನು ಕೊಡದೆ ವ್ಯರ್ಥವಾಗುವುದರಿಂದ, ಅಂತಹ ಪ್ರಯೋಗದ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ.

ಪ್ರಯೋಗಶಾಲೆ ಬಿಟ್ಟುಕೊಟ್ಟ ಭಾರವನ್ನು ಇನ್ನು ಸಮಾಜ ಹೊರಬೇಕು. ಇಲಿಯ ಪರೀಕ್ಷೆ ಕೈಬಿಟ್ಟಮೇಲೆ, ಔಷಧ ಬಳಕೆಗೆ ಬಂದ ಅನಂತರದ ಜಾಗರೂಕತೆಯೇ ಮುಖ್ಯ ಪ್ರಮಾಣವಾಗುತ್ತದೆ; ಡೆನ್ಮಾರ್ಕಿನ ದಾಖಲೆಗಳು ಮಾಡಿದ ಕೆಲಸವನ್ನು ನಮ್ಮ ದಾಖಲೆಗಳೂ ಮಾಡುವಂತಾಗಬೇಕು. ಔಷಧಗಳ ದುಷ್ಪರಿಣಾಮಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಕಾರ್ಯಕ್ರಮ ಭಾರತದಲ್ಲಿ 2010ರಿಂದ ನಡೆಯುತ್ತಿದೆ. ಅದು ಫಲಿಸಬೇಕಾದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಔಷಧದಂಗಡಿಯವರೂ ರೋಗಿಗಳೂ ಅದಕ್ಕೆ ವರದಿ ಕೊಡಬೇಕು. ಔಷಧದ ಚೀಟಿಯ ಮೇಲೆ ಬೆಳಕಿಗೆ ಸೂಕ್ಷ್ಮತೆ ಎಂದು ಆಂಗ್ಲಭಾಷೆಯಲ್ಲಿ ಅಚ್ಚಾದ ಎಚ್ಚರಿಕೆ, ನಡುಹಗಲಿನಲ್ಲಿ ಹೊಲದಲ್ಲಿಯೂ ರಸ್ತೆಯ ಕಾಮಗಾರಿಯಲ್ಲಿಯೂ ದುಡಿಯುವ ನಮ್ಮವರಿಗೆ ನಿರುಪಯುಕ್ತ. ಗುಳಿಗೆಯನ್ನು ಬರೆದುಕೊಡುವಾಗ ರೋಗಿ ಯಾವ ಕಸುಬಿನವನು, ದಿನಕ್ಕೆ ಎಷ್ಟು ಹೊತ್ತು ಬಿಸಿಲಿನಲ್ಲಿರುತ್ತಾನೆ, ಅವನ ಚರ್ಮದಲ್ಲಿ ತೊನ್ನಿನಂತಹ ವರ್ಣಹೀನ ಭಾಗಗಳುಂಟೆ ಎಂದು ವೈದ್ಯನು ಕೇಳುವುದೂ, ಎಚ್ಚರಿಕೆಯನ್ನು ಅವನ ಭಾಷೆಯಲ್ಲಿ ಹೇಳುವುದೂ ಚಿಕಿತ್ಸೆಯ ಅಂಗವೇ ಆಗತಕ್ಕದ್ದು. ಇಷ್ಟು ಕೇಳಲು ಯಂತ್ರ ಬೇಡ, ಹಣ ಬೇಡ. ಪ್ರಯೋಗಶಾಲೆಯಲ್ಲಿ ಉಪಾಧಿಯನ್ನು ಶೋಧಿಸುವ ವಿಜ್ಞಾನಿಯ ಧರ್ಮವೂ, ಆಸ್ಪತ್ರೆಯಲ್ಲಿ ರೋಗಿಯ ಬಾಳಿನ ಉಪಾಧಿಗಳನ್ನು ವಿಚಾರಿಸುವ ವೈದ್ಯನ ಧರ್ಮವೂ ಒಂದೇ ಆಗಿವೆ. ಇವೆರಡೂ ನಮ್ಮಲ್ಲಿ ನೆಲೆಗೊಂಡರೆ, ಇಷ್ಟು ವರ್ಷ ಮೂಕಪ್ರಾಣಿಗಳಿಂದ ನಾವು ಪಡೆದ ಸಾಕ್ಷ್ಯಕ್ಕೆ ತಕ್ಕ ಬೆಲೆಯನ್ನು ಕೊಟ್ಟಂತಾಗುವುದು.